ಮಂಗಳವಾರ ನೀರಿಗಿಳಿದ ದೋಣಿ

ನಮ್ಮ ಪಕ್ಕದ ಮನೆಯ ಅರಾಬಾಗೆ ಆದದ್ದು ಇದು. ಹೊತ್ತು ಮುಳುಗಿತ್ತು. ವಿನ್ನೆಬಾದ ಕಡಲ ದಂಡೆಯಿಂದ ಒಬ್ಬಳೇ ಮನೆಗೆ ಬರುತ್ತಿದ್ದಳು. ಕಂಕುಳಲ್ಲಿ ರಟ್ಟಿಗೆ ಸಿಕ್ಕಿಸಿದ ಚಿತ್ರ. ತೆಂಗಿನ ತೋಪಿನ ಬಾವಿಯ ಹತ್ತಿರ ಬಂದಳು. ಹಿಂದೆ... ಚಪ್. ಚಪ್. ಒದ್ದೆ ಕಾಲಿನ ಸದ್ದು. ನಿಂತಳು. ಅದೂ ನಿಂತಿತು.

ಮಧ್ಯಾಹ್ನವೇ ದಂಡೆಯ ಮುದಿ ಬೆಸ್ತ ಅಟ್ಟಾ ತಾತ ಎಚ್ಚರಿಸಿದ್ದ. ಮಂಗಳವಾರ ಕಡಲು ದೇವರದು, ಯಾವ ದೋಣಿಯೂ ನೀರಿಗಿಳಿಯುವಂತಿಲ್ಲ. ದೋಣಿಗಳೆಲ್ಲ ಮರಳ ಮೇಲೆ ಸಿಗುತ್ತವೆಂದೇ ಅರಾಬಾ ಮತ್ತು ಗೆಳತಿಯರು ಆ ದಿನ ಚಿತ್ರ ಬರೆಯಲು ಹೋಗುವುದು. ಉಳಿದವರು ಕಂಡದ್ದನ್ನು ಬರೆದರು. ಅರಾಬಾ ಬರೆದದ್ದು ಅಲೆಗಳ ನಡುವೆ ಒಂದು ದೋಣಿ, ಅದರಲ್ಲಿ ಕೂತ ತಮ್ಮ ಕ್ವೆಕು. ಹೋದ ವರ್ಷ ಮೀನಿಗೆ ಹೋದವನು ಹೆಣವಾಗಿಯೂ ಬರಲಿಲ್ಲ. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇಲ್ಲ.

"ಏನೇ, ಮಂಗಳವಾರ ದೋಣಿ ಇಳಿಸಿದ್ದೀಯ! ಊರಿಗೆಲ್ಲ ದಂಡ ಹಾಕಿಸ್ತೀಯ ನೀನು," ಎಂದು ಗೆಳತಿ ಮಾನ್ಸಾ ಜೋಳದ ಕೆಂಕೆ ಮುದ್ದೆಯ ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕಳು.

ಬಲೆ ಹೊಲಿಯುತ್ತಿದ್ದ ತಾತ ನಗಲಿಲ್ಲ. "ಅಳಿಸಿಬಿಡು ಮಗಳೇ. ಬೇಕಾದ್ರೆ ಮರಳ ಮೇಲೆ ಕೂರಿಸು ಅವನನ್ನ."

"ಅವನು ಮರಳ ಮೇಲೆ ಕೂತೋನೇ ಅಲ್ಲ ತಾತ. ಮುಖ ಮರೆತುಹೋಗ್ತಿದೆ ನನಗೆ. ಇಷ್ಟಾದ್ರೂ ಉಳೀಲಿ."

ಈಗ ಬಾವಿಯ ಬಳಿ... ತೊಟ್. ತೊಟ್. ಬೆನ್ನ ಹಿಂದೆಯೇ ನೀರು ಸೋರುತ್ತಿತ್ತು.

"ಅಳಿಸು..." ಪಿಸುದನಿ.

ಅರಾಬಾ ತಿರುಗಲಿಲ್ಲ. "ಅವನನ್ನ ವಾಪಸ್ ಕೊಡ್ತೀಯಾ?"

ತೊಟ್... ತೊಟ್...

"ಕೊಡಲ್ವಲ್ಲ? ಹಾಗಾದ್ರೆ ಇದನ್ನೂ ಕೇಳ್ಬೇಡ."

ಕಿವಿಯ ಹತ್ತಿರವೇ ತಣ್ಣನೆ ಉಸಿರು. ಈಗ ದನಿ ಕ್ವೆಕುನದೇ. "ಅಕ್ಕಾ... ಚಳಿ ಅಕ್ಕಾ... ಅಳಿಸಿಬಿಡೇ..."

ಅರಾಬಾ ಚಿತ್ರವನ್ನು ಎದೆಗೆ ಅವುಚಿಕೊಂಡಳು. ಆಮೇಲೆ... ನಕ್ಕಳು.

"ಹುಟ್ಟಿದಾಗಿಂದ ಅವನು ನನ್ನನ್ನ ಅಕ್ಕ ಅಂದವನಲ್ಲ. ಡುಮ್ಮಿ ಅಂತಿದ್ದ. ಅಷ್ಟೂ ಗೊತ್ತಿಲ್ಲ ನಿನಗೆ! ನಡಿ, ನಡಿ!"

ಸರ್ರ್... ಒದ್ದೆ ಬಲೆ ಎಳೆದಂಥ ಸದ್ದು, ಕಡಲ ಕಡೆಗೆ. ಅಷ್ಟೇ.

ಚಿತ್ರ ಈಗಲೂ ಅವಳ ನಡುಮನೆಯ ಗೋಡೆಯ ಮೇಲಿದೆ. ಹಾಳೆಗೆ ಏನೂ ಆಗಿಲ್ಲ. ಆದರೆ ಪ್ರತಿ ಬುಧವಾರ ಬೆಳಗ್ಗೆ ನೋಡಿದರೆ ಮೊಳೆ ತುಕ್ಕು ತಿಂದು ಪುಡಿಪುಡಿ. ಅರಾಬಾ ಬೈಯುತ್ತಲೇ ಹೊಸದು ಹೊಡೆಯುತ್ತಾಳೆ. ಸುಳ್ಳಲ್ಲ... ಈ ವಾರದ ಮೊಳೆ ಅಂಗಡಿಯಿಂದ ತಂದುಕೊಟ್ಟವಳು ನಾನೇ.