ಓಕ್ ಅಲ್ಲದ ಬಾಗಿಲು

ಮಾನ್ಯ ಅಧ್ಯಕ್ಷರಾದ ಪಾದ್ರಿ ಹೋಲ್ಡನ್ ಅವರೇ, ಸಮಿತಿಯ ಹಿರಿಯರೇ, ಗಿರಣಿಯಿಂದ ನೇರವಾಗಿ ಬಂದು ಕೂತಿರುವ ಸಭಿಕರೇ,

ನಮ್ಮ ಓದುಕೂಟದ ವಾರ್ಷಿಕೋತ್ಸವದಲ್ಲಿ, ಕಲಾವಿಮರ್ಶೆ ನಮ್ಮೂರಿಗೆ ಏನು ಕೊಟ್ಟಿತು ಎಂದು ಮಾತಾಡಲು ತಬಿತಾ ಸಗ್ಡೆನ್ ಎಂಬ ನನಗೆ ಹೇಳಿದ್ದೀರಿ. ಲಂಡನ್ನಿನ ಮಾಸಪತ್ರಿಕೆ ಬಂದ ದಿನ ಊಟ ಬಿಟ್ಟು ಓದುವವಳು ನಾನು. ಅದರ ವಿಮರ್ಶಕರು ನಕಲಿ ಅಲಂಕಾರ ಕೂಡದೆಂದು ಬರೆದ ಮೇಲೆಯೇ ಅಲ್ಲವೇ ನಾವು ಮೇಜಿನ ಮೇಲಿನ ಮೇಣದ ಹಣ್ಣುಗಳನ್ನು ಅಟ್ಟಕ್ಕೆ ಹಾಕಿದ್ದು? ಅದಕ್ಕೆ ನನಗೆ ಬೇಸರವಿಲ್ಲ.

ಆಮೇಲೆ ಬಾಗಿಲಿನ ಲೇಖನ ಬಂತು. ಅಗ್ಗದ ಪೈನ್ ಮರದ ಮೇಲೆ ದುಬಾರಿ ಓಕ್ ಮರದಂತೆ ಕಾಣಲೆಂದು ಬಣ್ಣದಲ್ಲಿ ಗೆರೆ ಬರೆಯುವುದು ಸುಳ್ಳು, ಸುಳ್ಳು ಬಾಗಿಲಿನ ಮನೆಯಲ್ಲಿ ಮಕ್ಕಳು ಸತ್ಯ ಕಲಿಯಲಾರರು ಎಂದಿತ್ತು. ನಮ್ಮೂರಲ್ಲಿ ಆ ಗೆರೆ ಬರೆಯುತ್ತಿದ್ದವರು ನಮ್ಮಪ್ಪ, ಏಮೋಸ್ ಸಗ್ಡೆನ್. ಹಳಸಿದ ಬಿಯರಿನಲ್ಲಿ ಬಣ್ಣ ಕಲಸಿ ಬಳಿದು, ಉಕ್ಕಿನ ಬಾಚಣಿಗೆಯಿಂದ ಗೆರೆ ಎಳೆಯುತ್ತಿದ್ದರು. ಮದ್ಯ ಮುಟ್ಟದ ಮನುಷ್ಯ ಬಿಯರ್ ಕೊಳ್ಳುವುದನ್ನು ನೋಡಿ ನೀವೆಲ್ಲ ನಕ್ಕಿದ್ದೀರಿ. ಕುಡಿದದ್ದೆಲ್ಲ ನಿಮ್ಮ ಬಾಗಿಲುಗಳೇ.

ಬೀದಿಗೆ ಬೀದಿಯೇ ಬಣ್ಣ ಕೆರೆಯಿತು. ಎದುರು ಮನೆಯ ಶ್ರೀಮತಿ ಕ್ಲೆಗ್, "ನಮ್ ಬಾಗಿಲು ಇನ್ಮೇಲೆ ಸುಳ್ಳು ಹೇಳಲ್ಲ, ಏಮೋಸ್" ಅಂದರು.

"ಅದು ಯಾವತ್ತು ಮಾತಾಡಿತ್ತಮ್ಮಾ? ಎಣ್ಣೆ ಬಿಡಿ ಅಂತ ಕಿರುಗುಡ್ತಿತ್ತು, ಅಷ್ಟೇ."

ಹೀಗೆ ನಗಿಸಿದ ಅಪ್ಪ, ಆ ವಾರದ ಪ್ರಾರ್ಥನಾ ಕೂಟದಲ್ಲಿ ಒಬ್ಬೊಬ್ಬರೂ ತಪ್ಪು ಒಪ್ಪಿಕೊಳ್ಳುವ ಸರದಿ ಬಂದಾಗ ಎದ್ದು ನಿಂತರು. "ಊರಿನ ಬಾಗಿಲುಗಳ ಮೇಲೆಲ್ಲ ಸುಳ್ಳು ಬರ್ದಿದೀನಿ, ದೇವರು ಕ್ಷಮಿಸ್ಲಿ" ಅಂದರು. ಆಗ ಯಾರಾದರೂ, "ಕೂತ್ಕೊಳೋ ಮಾರಾಯ, ಅದು ಬರೀ ಬಣ್ಣ" ಅನ್ನಬಾರದಿತ್ತೇ? ಒಬ್ಬರಾದರೂ? ಎಲ್ಲರೂ "ಆಮೆನ್" ಅಂದೆವು.

ಅಂದಿನಿಂದ ಅಪ್ಪ ಬಾಚಣಿಗೆ ಮುಟ್ಟಿಲ್ಲ. ಗಿರಣಿಯ ಗೋಡೆಗಳಿಗೆ ಸುಣ್ಣ ಹೊಡೆಯುತ್ತಾರೆ. ಸುಣ್ಣವನ್ನು ಸುಣ್ಣ ಎಂದೇ ಹೇಳಬಹುದಲ್ಲ.

ಅವರು ಬರೆದದ್ದರಲ್ಲಿ ಉಳಿದಿರುವುದು ಈ ಸಭಾಂಗಣದ ಬಾಗಿಲೊಂದೇ. ಸೋಮವಾರ ಅದನ್ನೂ ಕೆರೆಸಬೇಕೆಂದು ಸಮಿತಿ ತೀರ್ಮಾನಿಸಿದೆ, ಕೆಲಸವನ್ನು ಅಪ್ಪನಿಗೇ ವಹಿಸಿದೆ. ಬಿಟ್ಟುಬಿಡಿ ಎಂದು ಬೇಡಿಕೊಳ್ಳಲೆಂದೇ ಬಂದೆ. ಆದರೆ ಹಿಂದಿನ ಸಾಲಿನಲ್ಲಿ ಕೂತ ಅಪ್ಪನೇ ಬೇಡಿಕೊಳ್ಳಬೇಡವೆಂದು ತಲೆಯಾಡಿಸುತ್ತಿದ್ದಾರೆ. ಆ ಲೇಖನವನ್ನು ನಮ್ಮೆಲ್ಲರಿಗಿಂತ ಹೆಚ್ಚು ನಂಬಿದವರು ಅವರು.

ಹೊರಡುವಾಗ ಬಾಗಿಲಿನ ಕೆಳಭಾಗ ನೋಡಿ. ಮರದ ಗಂಟಿನಂಥ ಗುರುತೊಂದಿದೆ. ಬಣ್ಣ ಹಸಿಯಾಗಿದ್ದಾಗ ಅಪ್ಪ ನನ್ನ ಹೆಬ್ಬೆರಳು ಹಿಡಿದು ಒತ್ತಿಸಿದ್ದು ಅದು. ಆಗ ನಾನು ಅಷ್ಟೇ ಎತ್ತರವಿದ್ದೆ.

ಅಪ್ಪಾ, ಅದೊಂದನ್ನು ಕೊನೆಗೆ ಕೆರೆಯಿರಿ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.