ಭಾನುವಾರದ ಕೆಂಡ

ಹೋಟೆಲಿನಲ್ಲಿ ಆರು ಜನರ ಊಟಕ್ಕೆ ಹಾಕುವ ದುಡ್ಡಿನಲ್ಲಿ ಮನೆಯಲ್ಲಿ ಮೂರು ಭಾನುವಾರ ಮಾಂಸ ಸುಡಬಹುದು. ರೊಸಾರಿಯೋ ಪಟ್ಟಣದ ಮಾಂಸದಂಗಡಿಯ ಸರದಿಯಲ್ಲಿ ನಿಲ್ದಾ ಗಂಡ ಓಸ್ವಾಲ್ದೋಗೆ ಈ ಲೆಕ್ಕ ಒಪ್ಪಿಸುತ್ತಿದ್ದಳು. ಹಿಂದೆ ನಿಂತಿದ್ದ ಮುದುಕಿ ಎಲ್ವಿರಾ ಅವರ ಮಾತು ಕಿವಿ ತಪ್ಪಿಹೋಗದಂತೆ ಒಂದು ಹೆಜ್ಜೆ ಮುಂದೆ ಸರಿದಳು.

"ದುಡ್ಡು ಹೋದ್ರೆ ಹೋಗ್ಲಿ ಕಣೇ," ಎಂದ ಓಸ್ವಾಲ್ದೋ. "ನಾಳೆ ಅಣ್ಣನ ಮನೆಯವ್ರನ್ನ ಹೋಟೆಲಿಗೇ ಕರ್ಕೊಂಡು ಹೋಗೋಣ."

"ಯಾಕೆ, ನಾನು ಕೆಂಡದ ಮುಂದೆ ನಿಂತ್ರೆ ನಿಮ್ಮಣ್ಣ ನಗ್ತಾನೆ ಅಂತಾನಾ?"

"ನಕ್ಕು ಸುಮ್ನಿರಲ್ಲ, ಇಕ್ಕಳ ಕಿತ್ಕೊಂಡು ತಾನೇ ಸುಡ್ತಾನೆ. ನಮ್ಮನೇಲಿ ಯಾವತ್ತು ಹೆಂಗಸ್ರು ಸುಟ್ಟಿದ್ದಾರೆ ಹೇಳು?"

"ಗೊತ್ತು ಬಿಡು. ಹೆಂಗಸ್ರು ಸಲಾಡ್ ಹೆಚ್ಚೋದು, ಗಂಡಸ್ರು ಸುಟ್ಟು ಚಪ್ಪಾಳೆ ಹೊಡಿಸ್ಕೊಳ್ಳೋದು. ನಾಲ್ಕು ತಿಂಗಳು ಪ್ರತಿ ಶನಿವಾರ ಕ್ಲಬ್ಬಿಗೆ ಹೋಗಿ ಸುಡೋದು ಕಲ್ತಿದ್ದು ಅವನಿಗೆ ತಟ್ಟೆ ಹಿಡಿಯೋಕಾ?"

"ಅವ್ನು ಕೆಂಡ ಕೆದಕದೆ ಇರಲ್ಲ ಮಾರಾಯ್ತಿ."

"ಕೆದಕ್ಲಿ. ಹೋದ ಸಲ ಅವನು ಸುಟ್ಟಿದ್ದನ್ನ ನಾಯಿನೂ ಮೂಸಲಿಲ್ಲ ಅಂತ ಎಲ್ರ ಮುಂದೆ ಹೇಳ್ತೀನಿ."

ಓಸ್ವಾಲ್ದೋಗೆ ನಗು ತಡೆಯಲಾಗಲಿಲ್ಲ. "ಹಾಗೆಲ್ಲ ಹೇಳ್ಬೇಡ ಕಣೇ. ವೈನ್ ಕೊಟ್ಟು ಅವನನ್ನ ನಾನು ಕೂರಿಸ್ತೀನಿ."

"ಮತ್ತೆ ಸಲಾಡ್?"

"ಟೊಮ್ಯಾಟೊ ಹೆಚ್ಚೋಕೆ ನನಗೂ ಬರುತ್ತೆ."

ಅವರ ಸರದಿ ಬಂತು. ಅಂಗಡಿಯವನು ಕತ್ತಿ ಎತ್ತಿ ಓಸ್ವಾಲ್ದೋನತ್ತ ನೋಡಿದ. "ಪಕ್ಕೆಲುಬು ದಪ್ಪಗೆ ಕಡೀಲಾ ಯಜಮಾನ್ರೇ?"

"ಅವಳನ್ನ ಕೇಳಪ್ಪ," ಎಂದ ಓಸ್ವಾಲ್ದೋ. "ಸುಡೋಳು ಅವಳು."

ಎರಡು ಬೆರಳು ದಪ್ಪಕ್ಕಿರಲಿ ಎಂದು ನಿಲ್ದಾ ಹೇಳಿದಳು. ಪೊಟ್ಟಣ ಹಿಡಿದು ಇಬ್ಬರೂ ಹೊರಟರು. ಹೋಟೆಲಿನ ಊಟ ತಪ್ಪಿತು, ಭಾನುವಾರದ ಕೆಂಡ ನಿಲ್ದಾಳದಾಯಿತು.