ಫ್ಯೂಸ್ ಇದ್ದ ಜೇಬು

ಜೂನ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು. ನಮ್ಮ ಬ್ರೆಡ್ ಕಾರ್ಖಾನೆಯ ಹಿಟ್ಟು ಕಲಸುವ ಎರಡನೆಯ ಯಂತ್ರದೊಳಗೆ ಮನುಷ್ಯನೊಬ್ಬ ಭುಜದವರೆಗೆ ಕೈ ಹಾಕಿ ರಿಪೇರಿ ಮಾಡುತ್ತಿದ್ದಾಗ, ಅದಕ್ಕೆ ಕರೆಂಟು ಕೊಟ್ಟರು. — ಇದನ್ನು ಮೊದಲು ಹೇಳಿಬಿಡುತ್ತೇನೆ. ಹೇಳದೆ ನಮಸ್ಕಾರ ಮಾಡಿದರೆ ಆ ನಮಸ್ಕಾರ ಸುಳ್ಳಾಗುತ್ತದೆ.

ಈಗ ಈ ಶ್ರದ್ಧಾಂಜಲಿ ಸಭೆಗೆ ನಮಸ್ಕಾರ. ಅತ್ತಿಗೆ, ನಿಮಗೆ. ಪಕ್ಕದಲ್ಲಿರುವ ನಿಮ್ಮ ಮಗಳಿಗೆ. ಪಾಳಿ ಮುಗಿಸಿ ಮೈಮೇಲಿನ ಹಿಟ್ಟನ್ನೂ ಕೊಡವದೆ ಬಂದಿರುವ ಗೆಳೆಯರಿಗೆ. ಹೂಗುಚ್ಛ ತಂದಿರುವ ಮ್ಯಾನೇಜರ್ ಸಾಹೇಬರಿಗೂ.

ಅತ್ತಿಗೆಯ ಗಂಡ, ನಾವು ಕಳೆದುಕೊಂಡ ಹಿರಿಯ ಫಿಟ್ಟರರನ್ನು ಎಲ್ಲರೂ ಜೇಬಣ್ಣ ಎನ್ನುತ್ತಿದ್ದೆವು. ಇಪ್ಪತ್ತೆರಡು ವರ್ಷದ ಹಿಂದೆ ನಾನು ಎಲೆಕ್ಟ್ರಿಷಿಯನ್ ಆಗಿ ಸೇರಿದೆ. ಚೀಲದಲ್ಲಿ ಯಾವಾಗಲೂ ಒಂದು ದಪ್ಪ ಪುಸ್ತಕ. ರಾಜ್ಯ ಎಂದರೇನು, ಅಧಿಕಾರ ಎಂದರೇನು — ಊಟದ ಹೊತ್ತಿನಲ್ಲಿ ಎಲ್ಲರ ತಲೆ ತಿನ್ನುತ್ತಿದ್ದೆ. ಮೊದಲ ವಾರವೇ ಜೇಬಣ್ಣ ಡಬ್ಬಿ ಮುಚ್ಚಿ ಕೇಳಿದರು:

"ಪಂಡಿತರೇ, ಒಂದು ಪ್ರಶ್ನೆ. ನೀವು ಮಿಷನ್ ಒಳಗೆ ಕೈ ಹಾಕ್ತೀರಿ. ಅದರ ಫ್ಯೂಸ್ ತೆಗೆದು ಎಲ್ಲಿಡ್ತೀರಿ?"

"ಅಲ್ಲೇ, ಪಕ್ಕದಲ್ಲಿ."

"ಹೋಯ್ತು ಕೈ."

ಎದೆಯ ಜೇಬು ತಟ್ಟಿದರು — ಹೀಗೆ. "ಕೈ ಯಾರದು ಒಳಗಿದೆಯೋ, ಫ್ಯೂಸ್ ಅವರ ಜೇಬಲ್ಲಿರಬೇಕು. ದೇವರೇ ಬಂದು ಕೇಳಿದ್ರೂ ಕೊಡಬಾರ್ದು. ಕೈ ಆಚೆ ಬಂದ್ಮೇಲೆ ಕೊಡಿ, ಬೇಕಿದ್ರೆ ಟೀನೂ ಕೊಡಿಸಿ."

ಬಗ್ಗಿದಾಗ ಬೀಳದಿರಲಿ ಎಂದು ಆ ಜೇಬಿಗೆ ಅತ್ತಿಗೆ ಗುಂಡಿ ಹೊಲಿದಿದ್ದರು.

ನನ್ನ ರಾಜಕೀಯ ಶುರುವಾದದ್ದು ಆ ಗುಂಡಿಯ ಜೇಬಿನಿಂದ. ಪುಸ್ತಕಗಳು ಆಮೇಲೆ ಅಡಿಟಿಪ್ಪಣಿ ಬರೆದವು, ಅಷ್ಟೆ. ಯಾವುದೋ ಬೀದಿಯ ಮನೆಗಳನ್ನು ಕೆಡವುತ್ತಾರೆಂದು ಪತ್ರಿಕೆಯಲ್ಲಿ ಓದಿದಾಗ, ಮತ ಹಾಕಲು ಸಾಲಿನಲ್ಲಿ ನಿಂತಾಗ, ನಾನು ಕೇಳಿಕೊಂಡದ್ದು ಒಂದೇ — ಒಳಗೆ ಕೈ ಯಾರದು, ಫ್ಯೂಸ್ ಯಾರ ಜೇಬಲ್ಲಿ? ಅದನ್ನು ನನ್ನದೇ ಮಾತೆಂಬಂತೆ ಗೇಟಿನ ಮುಂದೆ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೇನೆ.

ಅತ್ತಿಗೆ, ಇನ್ನು ಮುಂದಿನದನ್ನು ಹೇಳುವಾಗ ನನ್ನ ಮುಖ ನೋಡಬೇಡಿ. — ಇಲ್ಲ, ನೋಡಿ.

ಕಳೆದ ವರ್ಷ ಒಂದು ಫ್ಯೂಸ್ ಕಾಣೆಯಾಗಿ ಅರ್ಧ ದಿನ ಕೆಲಸ ನಿಂತಿತ್ತು. ಜೇಬಣ್ಣ ಮರೆತು ಮನೆಗೆ ಒಯ್ದರಂತೆ, ಹೆಂಡತಿ ಅದನ್ನು ಅಂಗಿಯ ಜೊತೆ ಒಗೆದರಂತೆ! ಕಾರ್ಖಾನೆಯೆಲ್ಲ ನಕ್ಕಿತು. ನಾನೂ ನಕ್ಕೆ.

ಆ ಫ್ಯೂಸ್ ಇದ್ದದ್ದು ನನ್ನ ಜೇಬಿನಲ್ಲಿ. ಒಗೆದವಳು ನನ್ನ ಹೆಂಡತಿ. ಕಾರ್ಮಿಕರ ಪ್ರತಿನಿಧಿಯ ಚುನಾವಣೆಗೆ ಮೂರೇ ದಿನವಿತ್ತು, ನಾನು ನಿಂತಿದ್ದೆ. ಮನೆಯಿಂದ ಹುಡುಕಿ ತಂದಾಗ ನನ್ನ ಕೈಯಿಂದ ಜೇಬಣ್ಣ ಅದನ್ನು ಕಸಿದುಕೊಂಡರು. "ನಾನು ಮುದುಕ, ನನಗೆ ಮರೆವು ಒಪ್ಪುತ್ತೆ ಕಣೋ. ನಿನಗೆ ಒಪ್ಪಲ್ಲ. ಹೋಗು, ಗೆದ್ದು ಬಾ."

ಗೆದ್ದೆ. ಅತ್ತಿಗೆ, ನೀವು ಒಗೆಯದ ಅಂಗಿಗೆ ವರ್ಷವಿಡೀ ನಗೆಪಾಟಲಾದಿರಿ. ಅವರು ನಿಮಗೂ ನಿಜ ಹೇಳಿರಲಿಕ್ಕಿಲ್ಲ.

ಮರುತಿಂಗಳು ಆದೇಶ ಬಂತು: ಹಿರಿಯ ಫಿಟ್ಟರರ ಮರೆವಿನ ಕಾರಣ, ಇನ್ನು ತೆಗೆದ ಫ್ಯೂಸುಗಳೆಲ್ಲ ಸೂಪರ್‌ವೈಸರ್ ಕೋಣೆಯ ಹಲಗೆಯಲ್ಲಿ, ಮೊಳೆಗೆ ತೂಗುಹಾಕಿರಬೇಕು. ಸುರಕ್ಷತಾ ಸಮಿತಿಯಲ್ಲಿ, ಕಾರ್ಮಿಕರ ಕಡೆಯಿಂದ ಆಕ್ಷೇಪ ಇದೆಯೇ ಎಂದು ನನ್ನನ್ನು ಕೇಳಿದರು. ಆಕ್ಷೇಪಿಸಿದರೆ ಮರೆವು ಯಾರದೆಂದು ಹೇಳಬೇಕಾಗುತ್ತಿತ್ತು. ಎರಡು ನಿಮಿಷ ಸುಮ್ಮನಿದ್ದೆ. ಗೋಡೆಯ ಗಡಿಯಾರ ನೋಡುತ್ತಿದ್ದೆ, ಅದಕ್ಕೇ ಲೆಕ್ಕ ಗೊತ್ತು. ಆಮೇಲೆ ಸಹಿ ಹಾಕಿದೆ.

ಹೊರಗೆ ಜೇಬಣ್ಣ ಖಾಲಿ ಜೇಬನ್ನು ಎಳೆದು ತೋರಿಸಿದರು. "ಪ್ರತಿನಿಧಿಗಳೇ, ಈಗ ಇದರಲ್ಲಿ ಏನಿಡ್ಲಿ? ಬಾಚಣಿಗೆ ಇಡೋಣ ಅಂದ್ರೆ ತಲೇಲಿ ಕೂದಲಿಲ್ಲ." ಬೈಯಲಿಲ್ಲ. — ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಆಡಳಿತದ ವರದಿ ಬಂದಿದೆ. ಸಾವಿಗೆ ಕಾರಣ, 'ಮೃತರ ಸ್ವಂತ ಮರೆವು.'

ಸುಳ್ಳು! ಆ ಬೆಳಿಗ್ಗೆ ಅವರು ಫ್ಯೂಸ್ ತೆಗೆದರು, ಆದೇಶದಂತೆ ಒಯ್ದು ಹಲಗೆಯ ಮೊಳೆಗೆ ಹಾಕಿದರು, ಆಮೇಲೆ ಯಂತ್ರದೊಳಗೆ ಕೈ ಹಾಕಿದರು. ನಾನು ಕಣ್ಣಾರೆ ನೋಡಿದ್ದೇನೆ. ಆ ಮನುಷ್ಯ ಯಾವತ್ತೂ ಏನನ್ನೂ ಮರೆತವರಲ್ಲ. ಮರೆತವನು ನಾನು, ಮರೆತದ್ದನ್ನು ಮುಚ್ಚಿಟ್ಟವನೂ ನಾನೇ. ಇದನ್ನೆಲ್ಲ ಬರೆದು ಸಹಿ ಮಾಡಿ ಇಂದು ಬೆಳಿಗ್ಗೆ ಕಾರ್ಖಾನೆಗಳ ಇನ್‌ಸ್ಪೆಕ್ಟರಿಗೆ ಕೊಟ್ಟಿದ್ದೇನೆ. ಪ್ರತಿನಿಧಿ ಸ್ಥಾನವನ್ನೂ ಬಿಟ್ಟಿದ್ದೇನೆ. ಅತ್ತಿಗೆ, ಕ್ಷಮಿಸಿ ಎಂದು ಕೇಳುವ ಧೈರ್ಯ ನನಗಿಲ್ಲ.

ಮ್ಯಾನೇಜರ್ ಸಾಹೇಬರೇ, ನನ್ನ ಉತ್ತರ ಆಯಿತು. ಈಗ ನಿಮ್ಮದು. ಒಳಗೆ ಕೈ ಇದ್ದಾಗ, ಆ ಮೊಳೆಯಿಂದ ಫ್ಯೂಸ್ ತಂದು ಯಂತ್ರಕ್ಕೆ ಹಾಕಿ ಎಂದವರು ಯಾರು? ಕಾಗದದಲ್ಲಿ ಬೇಡ. ಇಲ್ಲಿ, ಈ ತಾಯಿ-ಮಗಳ ಮುಂದೆ, ಬಾಯಿಬಿಟ್ಟು ಹೇಳಿ.

ಗೆಳೆಯರೇ, ಎಲ್ಲರೂ ಎದ್ದು ನಿಲ್ಲಿ. ಜೇಬಣ್ಣನಿಗಾಗಿ ಮೌನವಾಗಿರೋಣ. ಎರಡು ನಿಮಿಷವಾಯಿತೇ ಎಂದು ಇವತ್ತು ನಾನು ಗಡಿಯಾರ ನೋಡುವುದಿಲ್ಲ. ಸಾಹೇಬರು ಉತ್ತರ ಹೇಳುವವರೆಗೆ ನಿಂತಿರೋಣ.